ಜರ್ಮನ್ ಆಟಗಾರನಿಗೆ ಹೊದಿಸಿದ ಶಾಲು

ನಮ್ಮ ಜನಕ್ಕೆ ಸನ್ಮಾನದ ಹುಚ್ಚು. ಕುವೈತ್‌ಗೆ ಬಂದು ನೆಲೆಸಿದರೂ ಬಿಡದ ಹುಚ್ಚು. ನಮ್ಮ ಸಂಘದ ಕಪಾಟಿನಲ್ಲಿ ಮಕ್ಕಳಿಗೆ ಓದಲು ನಾಲ್ಕು ಪುಸ್ತಕ ಸಿಗದೇ ಇರಬಹುದು, ಮೈಸೂರು ಪೇಟಗಳು ಮಾತ್ರ ಸದಾ ಸಿದ್ಧ. ಮೈಕ್ ಬಾಡಿಗೆ ಕೊಟ್ಟವನಿಗೆ ಶಾಲು, ಊಟ ಕೊಡಿಸಿದವನಿಗೆ ಹಾರ, ಊರಿಂದ ವಿಸಿಟ್ ವೀಸಾದಲ್ಲಿ ಬಂದ ಅಧ್ಯಕ್ಷರ ಬೀಗರಿಗೂ ಹಣ್ಣಿನ ಬುಟ್ಟಿ. ಅಂಥ ಸಂಘಕ್ಕೆ ನನ್ನ ಗಂಡನಿಗೊಂದು ಶಾಲು ಹೊದಿಸಬೇಕೆಂದು ತೋಚಲು ಇಪ್ಪತ್ತು ವರ್ಷ ಹಿಡಿಯಿತು. ತೋಚಿದ ಮೇಲೂ ಅದು ಬೇರೊಬ್ಬರ ಹೆಗಲೇರಿತು. ಇವತ್ತಿಗೂ ನೆನೆದರೆ ನನಗೆ ಮೈ ಉರಿಯುತ್ತದೆ.

ನಮ್ಮೆಜಮಾನರು ಅಹ್ಮದಿಯಲ್ಲಿ ಎಣ್ಣೆ ಕಂಪನಿಯ ಕಂಟ್ರಾಕ್ಟರ್ ಒಬ್ಬರ ಬಳಿ ಏಸಿ ವಿಭಾಗದ ಫೋರ್‌ಮನ್ ಆಗಿದ್ದರು. ವಾರವೆಲ್ಲ ಛಾವಣಿಗಳ ಮೇಲೆ ಬೇಯುವ ಮನುಷ್ಯ, ರಜೆಯ ಶುಕ್ರವಾರವಾದರೂ ಮಲಗಬೇಕೋ ಬೇಡವೋ? ಬೆಳಗಿನ ಜಾವವೇ ಎದ್ದು ನಮ್ಮ ಹಳೇ ಕಾರಿನಲ್ಲಿ ಕನ್ನಡದ ಮಕ್ಕಳನ್ನೆಲ್ಲ ತುಂಬಿಕೊಂಡು ರಾಯ್ ಬಡಾವಣೆಯ ಶೋರೂಮುಗಳ ಹಿಂದಿರುವ ಬಾಡಿಗೆ ಮೈದಾನಕ್ಕೆ ಹೋಗುತ್ತಿದ್ದರು. ಅವರು ಮಂಗಳೂರು ಕನ್ನಡದಲ್ಲಿ ಕೂಗಿ ಹೇಳುತ್ತಿದ್ದರು, ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು. ಆಟ ಹೇಗೋ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೆವರು, ಮರಳು ಮೆತ್ತಿದ ಜರ್ಸಿಗಳ ದೊಡ್ಡ ಚೀಲವೊಂದು ನಮ್ಮ ಬಚ್ಚಲಿಗೆ ಬಂದು ಬೀಳುತ್ತಿತ್ತು.

ಜರ್ಸಿ ಬಿಳಿಯದೇ ಆಗಬೇಕೆಂದು ಹಟ ಹಿಡಿದವರೂ ಅವರೇ. ಯಾಕೆಂದರೆ ಅವರ ದೇವರು ತೊಟ್ಟದ್ದು ಬಿಳಿ. ದೇವರೆಂದರೆ ಜರ್ಮನಿಯ ಒಬ್ಬ ಆಟಗಾರ. ಆತನ ಕಥೆಯನ್ನು ನಾನು ಊಟದ ಮೇಜಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಯಾವುದೋ ಸಣ್ಣ ಊರಿನ ಬೇಕರಿಯವನ ಮಗ. ಅಪ್ಪನ ಅಂಗಡಿಯ ಹಿಂದಿನ ಗೋಡೆಗೆ ಚೆಂಡು ಒದ್ದು ಒದ್ದು ಕಲಿತವನು. ಕುಳ್ಳ ಎಂದು ದೊಡ್ಡ ಕ್ಲಬ್ಬಿನವರು ವಾಪಸ್ ಕಳಿಸಿದರಂತೆ. ಆಮೇಲೆ ಅದೇ ಕ್ಲಬ್ಬಿಗೆ ನಾಯಕನಾದ. ಡಿಫೆನ್ಸ್‌ನಲ್ಲಿ ಆಡುತ್ತಿದ್ದ; ಚೆಂಡು ಎಲ್ಲಿ ಬೀಳುತ್ತದೆಂದು ಒದ್ದವನಿಗಿಂತ ಮೊದಲೇ ಇವನಿಗೆ ತಿಳಿಯುತ್ತಿತ್ತು ಎನ್ನುತ್ತಿದ್ದರು ನಮ್ಮೆಜಮಾನರು. ಮುರಿದ ಮೂಗಿಗೆ ಹತ್ತಿ ತುರುಕಿಕೊಂಡು ಇಡೀ ಪಂದ್ಯ ಆಡಿದ್ದು, ಮಹತ್ವದ ಪಂದ್ಯದಲ್ಲಿ ಪೆನಾಲ್ಟಿ ಹೊರಗೆ ಒದ್ದು ದೇಶದ ಜನರಿಂದೆಲ್ಲ ಉಗಿಸಿಕೊಂಡದ್ದು, ಮರುವರ್ಷ ಅದೇ ಜನ ಹೊತ್ತು ಮೆರೆಸಿದ್ದು, ಎಲ್ಲವೂ ನನಗೆ ಬಾಯಿಪಾಠ. ನನ್ನ ಎರಡು ಹೆರಿಗೆಗಳಿಗಿಂತ ಆತನ ಎರಡು ಮೊಣಕಾಲಿನ ಆಪರೇಷನ್ನುಗಳೇ ನಮ್ಮ ಮನೆಯಲ್ಲಿ ಹೆಚ್ಚು ಚರ್ಚೆಯಾದವು.

ನಮ್ಮೆಜಮಾನರಿಗೆ ಅರವತ್ತು ತುಂಬಿತು, ಕಂಪನಿ ಸಾಕು ಎಂದಿತು, ಊರಿಗೆ ಮರಳುವುದೆಂದಾಯಿತು. ಮಕ್ಕಳ ಟೂರ್ನಿಯ ಫೈನಲ್ ದಿನ ಬೀಳ್ಕೊಡುಗೆ, ಸನ್ಮಾನ ಎಂದು ಸಂಘದ ಕಾರ್ಯದರ್ಶಿ ಹೇಳಿದ. ನಾನು ಸಂಘದಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುವವಳಾದ್ದರಿಂದ ಸನ್ಮಾನ ಪತ್ರ ಬರೆಯುವ ಕೆಲಸ ಎಂದಿನಂತೆ ನನ್ನ ತಲೆಗೇ ಬಂತು. ಗಂಡನನ್ನು ಹೆಂಡತಿಯೇ ಹೊಗಳಿ ಬರೆಯುವುದೇ ಎಂದು ಮೊದಲು ನಾಚಿಕೆಯಾಯಿತು. ಬರೆಯಲು ಕೂತಾಗ ಕಣ್ಣು ತುಂಬಿಕೊಂಡಿತು. ಮೂವತ್ತು ವರ್ಷದ ಸಂಸಾರದಲ್ಲಿ ಅವರೆದುರು ಒಂದು ದಿನವೂ ಆಡದ ಮಾತುಗಳನ್ನೆಲ್ಲ ಆ ಒಂದು ಪುಟದಲ್ಲಿ ಬರೆದೆ. ಕಾರ್ಯದರ್ಶಿ ಅದನ್ನು ಚಿನ್ನದ ಬಣ್ಣದ ಅಂಚಿನ ಫ್ರೇಮಿಗೆ ಹಾಕಿಸಿದ.

ಫೈನಲ್‌ಗೆ ಎರಡು ದಿನ ಇರುವಾಗ ಅವನ ಫೋನು ಬಂತು.

"ಮೇಡಂ, ಗುಡ್ ನ್ಯೂಸ್. ನಿಮ್ಮೆಜಮಾನ್ರ ಫೇವರಿಟ್ ಪ್ಲೇಯರ್ ಕುವೈತ್‌ಗೆ ಬರ್ತಿದ್ದಾರೆ, ರಾಯ್‌ನಲ್ಲಿ ಶೋರೂಮ್ ಓಪನಿಂಗ್. ನಮ್ಮ ಮುದೀರ್‌ದೇ ಅರೇಂಜ್‌ಮೆಂಟ್. ಹತ್ತು ನಿಮಿಷ ನಮ್ಮ ಗ್ರೌಂಡಿಗೂ ಬರ್ತಾರೆ."

ಮುದೀರ್ ಎಂದರೆ ಅವನ ಮ್ಯಾನೇಜರು. ನನಗೆ ನಿಜವಾಗಿಯೂ ಸಂತೋಷವಾಯಿತು. "ಒಳ್ಳೇದಾಯ್ತಲ್ಲ. ಅವರ ಕೈಯಿಂದಲೇ ಇವರಿಗೆ ಶಾಲು ಹೊದಿಸಿಬಿಡಿ" ಎಂದೆ.

"ಅದೇ ಮೇಡಂ ಹೇಳೋಣ ಅಂತ. ಸನ್ಮಾನ ಅವರಿಗೇ ಮಾಡ್ಬೇಕು. ಇಂಟರ್‌ನ್ಯಾಷನಲ್ ಲೆವೆಲ್ ಗೆಸ್ಟು. ಒಂದೇ ಸ್ಟೇಜಲ್ಲಿ ಇಬ್ಬರಿಗೂ ಮಾಡಿದ್ರೆ ಚೆನ್ನಾಗಿರಲ್ಲ. ನಿಮ್ಮೆಜಮಾನ್ರಿಗೆ ಮುಂದಿನ ಫಂಕ್ಷನ್‌ಗೆ ಇಟ್ಕೊಳ್ಳೋಣ."

"ಮುಂದಿನ ಫಂಕ್ಷನ್ ಹೊತ್ತಿಗೆ ಅವರ ಇಕಾಮಾ ಖಲಾಸ್ ಆಗಿ, ಇಲ್ಲಿರೋ ಪರ್ಮಿಟ್ಟೇ ಇಲ್ದೆ ಊರು ಸೇರಿರ್ತಾರೆ. ಶಾಲು ಕೊರಿಯರ್ ಮಾಡ್ತೀರಾ?"

ಅವನು ನಕ್ಕ. ನಾನು ತಮಾಷೆ ಮಾಡಿದೆ ಎಂದುಕೊಂಡ. ನಗು ಮುಗಿಸಿ, "ಗೆಸ್ಟಿಗೊಂದು ಪತ್ರ ಬರೆದುಕೊಟ್ಬಿಡಿ" ಎಂದ. ಬರೆಯಲ್ಲ ಎಂದು ಫೋನ್ ಇಟ್ಟೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಆ ಸಂಜೆ ಪಾತ್ರೆ ತೊಳೆಯುತ್ತ ಎಷ್ಟು ಬಾರಿ ಹೇಳಿದೆನೋ, ಕೊನೆಗೆ ನಮ್ಮೆಜಮಾನರು ಅಡುಗೆಮನೆಗೆ ಬಂದರು.

"ಬಿಡು ಮಾರಾಯ್ತಿ. ನನಗೆ ಶಾಲು ಎಂತಕ್ಕೆ? ಅವರು ನಮ್ಮ ಗ್ರೌಂಡಿಗೆ ಬರ್ತಾರಲ್ಲ, ಅದೇ ದೊಡ್ಡದು."

ಆ ಮಾತಿಗೆ ನನ್ನ ಸಿಟ್ಟು ಇಮ್ಮಡಿಯಾಯಿತು. ತನಗೆ ಅವಮಾನವಾದದ್ದು ತನಗೇ ತಿಳಿಯದಿದ್ದರೆ ಪಕ್ಕದವರು ಎಷ್ಟೂಂತ ಉರಿದುಕೊಳ್ಳುವುದು?

ಫೈನಲ್ ದಿನ ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಅತಿಥಿಯ ಕಾರು ಬಂತೆಂದು ಆಟವನ್ನೇ ನಿಲ್ಲಿಸಿಬಿಟ್ಟರು. ಗೋಲಿನತ್ತ ಓಡುತ್ತಿದ್ದ ಮಕ್ಕಳನ್ನು ಹಿಡಿದು, ಕೈಗೆ ಗುಲಾಬಿ ಪಕಳೆಯ ತಟ್ಟೆ ಕೊಟ್ಟು ಸಾಲಾಗಿ ನಿಲ್ಲಿಸಿದರು. ಮೈದಾನದ ಬಾಡಿಗೆ ಹೊತ್ತು ಭಾಷಣ, ಫೋಟೋಗಳಲ್ಲೇ ಮುಗಿದುಹೋಯಿತು. ಆ ಫೈನಲ್ ಇವತ್ತಿಗೂ ಮುಗಿದಿಲ್ಲ. ಫುಟ್‌ಬಾಲ್ ಆಟಗಾರನನ್ನು ಗೌರವಿಸಲು ಫುಟ್‌ಬಾಲನ್ನೇ ನಿಲ್ಲಿಸಿದ ಮಹಾನುಭಾವರು ನಮ್ಮವರು. ನನ್ನ ಗಂಡ ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ದೂರದ ಗೋಲ್ ಕಂಬದ ಬಳಿ ಒಬ್ಬರೇ ನಿಂತಿದ್ದರು.

ಆ ಜರ್ಮನಿಯವನ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಕೂದಲು ನರೆತ, ಸ್ವಲ್ಪ ಕುಂಟುವ ಮನುಷ್ಯ. ಪೇಟ ಇಟ್ಟಾಗ ತಲೆ ತಗ್ಗಿಸಿ ಸಂಕೋಚದಿಂದ ನಕ್ಕ. ಆಮೇಲೆ ಕಾರ್ಯದರ್ಶಿ ಫ್ರೇಮನ್ನು ಎತ್ತಿ ಹಿಡಿದು ಓದತೊಡಗಿದ. ಮೊದಲು ಜರ್ಮನಿಯವನ ಹೆಸರು ಬಂತು. ಅದಾದ ಮೇಲೆ ಬಂದದ್ದೆಲ್ಲ ನನ್ನ ಮಾತುಗಳು.

"ಬೆಳಗಿನ ಜಾವ ಮನೆಮನೆಯ ಬಾಗಿಲು ತಟ್ಟಿ ಎಳೆಯರನ್ನು ಮೈದಾನಕ್ಕೆ ಕರೆದೊಯ್ದವರೇ, ಬಿರುಬಿಸಿಲಿನಲ್ಲಿ ನಿಂತು ಸೀಟಿ ಊದಿದವರೇ, ಮಕ್ಕಳ ಜರ್ಸಿಗಳನ್ನು ಒಗೆದು ಮಡಿಸಿ ತಂದವರೇ..."

ಹೆಸರಿನ ಜಾಗಕ್ಕೆ ಹೊಸ ಚೀಟಿ ಅಂಟಿಸಿದ್ದರು, ಅಷ್ಟೇ. ಕೆಳಗೆ ಏನಿದೆಯೆಂದು ಒಬ್ಬರೂ ಓದಿರಲಿಲ್ಲ. ಸನ್ಮಾನ ಪತ್ರವನ್ನು ಯಾರು ತಾನೇ ಓದುತ್ತಾರೆ? ನನ್ನ ಗಂಡನಿಗೆಂದು ಎತ್ತಿಟ್ಟ ಮಾತನ್ನು ಯಾರೋ ಕದ್ದು ಯಾರದೋ ತಲೆಗೆ ಸುರಿಯುತ್ತಿದ್ದರು, ಸಭೆ ವಡೆ ತಿನ್ನುತ್ತ ಚಪ್ಪಾಳೆ ತಟ್ಟುತ್ತಿತ್ತು. ಮಕ್ಕಳಿಗೆ ಮಾತ್ರ ಗೊತ್ತಾಯಿತು. ಕನ್ನಡ ಬಾರದವು ಎಂದು ನಾವು ಬೈಯುವ ಆ ಮಕ್ಕಳೆಲ್ಲ ಒಬ್ಬೊಬ್ಬರಾಗಿ ವೇದಿಕೆಗೆ ಬೆನ್ನು ಹಾಕಿ ಗೋಲ್ ಕಂಬದ ಕಡೆ ತಿರುಗಿದವು.

ಕಾರ್ಯದರ್ಶಿ ಅದನ್ನೇ ಇಂಗ್ಲಿಷಿನಲ್ಲೂ ಹೇಳಿದ. ಜರ್ಮನಿಯವನು ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡ. ಮೈಕ್ ಹಿಡಿದು, ಇದು ಬೇರೆ ಯಾರದೋ ವಿಷಯವಿರಬೇಕು, ತಾನು ಜೀವನದಲ್ಲಿ ಒಂದು ಜರ್ಸಿಯನ್ನೂ ಒಗೆದವನಲ್ಲ ಎಂದು ಇಂಗ್ಲಿಷಿನಲ್ಲಿ ಸರಳವಾಗಿ ಹೇಳಿದ.

ಕಾರ್ಯದರ್ಶಿ ಮೈಕ್ ಕಿತ್ತುಕೊಂಡು ಕನ್ನಡದಲ್ಲಿ ಘೋಷಿಸಿದ: "ನಿಮ್ಮ ಪ್ರೀತಿ ನೋಡಿ ಅವರಿಗೆ ಮಾತೇ ಹೊರಡ್ತಿಲ್ಲವಂತೆ." ಮತ್ತೆ ಚಪ್ಪಾಳೆ.

ಹತ್ತು ನಿಮಿಷ ಮುಗಿಯಿತು, ಆತ ಹೋದ. ಶಾಲೊಂದು ಹೆಗಲ ಮೇಲೆ ಹೋಯಿತು. ಪೇಟ, ಹಣ್ಣಿನ ಬುಟ್ಟಿ, ಫ್ರೇಮು ವೇದಿಕೆಯ ಸೋಫಾದ ಮೇಲೆಯೇ ಉಳಿದವು. ಸಮಿತಿಯವರು ತಾವು ತೆಗೆಸಿಕೊಂಡ ಫೋಟೋ ನೋಡುವುದರಲ್ಲಿ ಮುಳುಗಿದ್ದರು. ನಾನು ಯಾರನ್ನೂ ಕೇಳದೆ ಫ್ರೇಮನ್ನು ಎತ್ತಿಕೊಂಡು ಬಂದೆ.

ಮನೆಯಲ್ಲಿ ಫ್ರೇಮು ಬಿಚ್ಚಿ, ಚಾಕುವಿನ ತುದಿಯಿಂದ ಆ ಚೀಟಿಯನ್ನು ಎಬ್ಬಿಸಿ ತೆಗೆದೆ. ಅಡಿಯಲ್ಲಿ ಅವರ ಹೆಸರು ಹಾಗೇ ಇತ್ತು. ಮೀನುಸಾರಿನಲ್ಲಿ ಅನ್ನ ಕಲಸುತ್ತಿದ್ದವರ ಮುಂದೆ ತಂದಿಟ್ಟೆ. ಅವರು ಕೈ ತೊಳೆದು ಬಂದು, ಕನ್ನಡಕ ಹಾಕಿಕೊಂಡು ನಿಧಾನವಾಗಿ ಪೂರ್ತಿ ಓದಿದರು. ಒಂದೆರಡು ಕಡೆ ನಿಲ್ಲಿಸಿದರು. ಏನಾದರೂ ಹೇಳುತ್ತಾರೆಂದು ನಾನು ಕಾದೆ.

"ಒಂದು ತಪ್ಪುಂಟು" ಎಂದರು.

"ಎಲ್ಲಿ?"

"ಜರ್ಸಿ ಒಗೆದದ್ದು ನಾನಲ್ಲ. ಒಂದು ದಿನ ಕೂಡ ಅಲ್ಲ."

"ಸನ್ಮಾನ ಪತ್ರ ಅಂದ್ಮೇಲೆ ಹಾಗೇ ಬರೆಯೋದು."

"ಹಾಗಾದ್ರೆ ಸಂಘದವರಿಗೆ ಬೈಯೋದು ಎಂತಕ್ಕೆ? ಅವರು ಮಾಡಿದ್ದೂ ಅದೇ ಅಲ್ವಾ?"

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. "ಇಪ್ಪತ್ತು ವರ್ಷ ಬಾಯಿ ಬಿಡಲಿಲ್ಲ, ಈಗ ಊರಿಗೆ ಹೊರಟಾಗ ನೆನಪಾಯ್ತೇನ್ರೀ?" ಎಂದೆ. ಅವರು ತಟ್ಟೆಯನ್ನು ಅಲ್ಲೇ ಬಿಟ್ಟು, ಬಾಗಿಲ ಬಳಿಯಿದ್ದ ಜರ್ಸಿಗಳ ಚೀಲವನ್ನು ಎಳೆದುಕೊಂಡು ಬಚ್ಚಲಿಗೆ ಹೋದರು. ಮಷೀನಿನ ಯಾವ ಗುಂಡಿ ಒತ್ತಬೇಕೆಂದು ಕೇಳಲು ಎರಡು ಸಲ ಹೊರಗೆ ಬಂದರು. ನಾನು ಹೇಳಲಿಲ್ಲ.

ಬೆಳಿಗ್ಗೆ ನೋಡಿದರೆ ಬಾಲ್ಕನಿಯಲ್ಲಿ ಒಣಹಾಕಿದ ಜರ್ಸಿಗಳೆಲ್ಲ ಗುಲಾಬಿ ಬಣ್ಣ. ಗೋಲ್‌ಕೀಪರನ ಕೆಂಪು ಜರ್ಸಿಯನ್ನೂ ಜೊತೆಗೇ ಹಾಕಿದ್ದರು. ಅದಕ್ಕೂ ಮಧ್ಯಾಹ್ನದವರೆಗೆ ಬೈದೆ. ಆದರೆ ಮತ್ತೆ ಒಗೆಯಲಿಲ್ಲ. ಹಾಗೇ ಮಡಿಸಿ, ಅವರನ್ನೂ ಕರೆದುಕೊಂಡು ಹೋಗಿ ಸಂಘಕ್ಕೆ ಒಪ್ಪಿಸಿದೆ.

ಕಾರ್ಯದರ್ಶಿ ಒಂದನ್ನು ಬಿಡಿಸಿ ನೋಡಿ, "ಏನ್ ಮೇಡಂ, ವೈಟ್ ಅಲ್ವಾ ಇದು?" ಎಂದ.

"ಇಷ್ಟು ವರ್ಷ ಬೆಳ್ಳಗೆ ಬರ್ತಿತ್ತಲ್ಲ, ಅವೆಲ್ಲ ನಾನು ಒಗೆದದ್ದು. ಇದೊಂದು ಸಲ ಇವರು ಒಗೆದಿದ್ದಾರೆ" ಎಂದೆ.