ಕಾರಿನ ಎಣ್ಣೆ ಪರೀಕ್ಷೆಗೆ ಕೂತದ್ದು

ನನ್ನ ರಕ್ತ ಪರೀಕ್ಷೆ ಮಾಡಿಸಿ ಎಷ್ಟು ವರ್ಷವಾಯಿತೆಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ. ಕಾರಿನ ಎಂಜಿನ್ ಎಣ್ಣೆಯನ್ನು ಮಾತ್ರ ಪರೀಕ್ಷೆಗೆ ಕಳಿಸುತ್ತೇನೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗಬೇಕು, ಆಗುವುದಿಲ್ಲ.

ಕಾರೆಂದರೆ ಎಲ್ಲರ ಮನೆಯ ಕಾರಲ್ಲ. ನೀಲಗಿರಿಯ ಟೀ ಎಸ್ಟೇಟಿನ ನಿವೃತ್ತ ಮ್ಯಾನೇಜರೊಬ್ಬರಿಂದ ಕೊಂಡ ಎರಡು ಬಾಗಿಲಿನ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ತಮಿಳುನಾಡಿನ ಗಡಿಯಂಚಿನ ನಮ್ಮ ಪಣಕಹಳ್ಳಿಯಲ್ಲಿ ರಾಗಿ ತೆನೆಯನ್ನು ರಸ್ತೆಗೆ ಹರಡಿದಾಗ ಉಳಿದ ಗಾಡಿಗಳು ತುಳಿದು ಹೋಗುತ್ತವೆ, ನನ್ನದು ಗುಡಿಸಿಕೊಂಡು ಹೋಗುತ್ತದೆ. ಗಾಳಿಯನ್ನು ಸೀಳಲೆಂದು ಹುಟ್ಟಿದ ಗಾಡಿ ದಿಂಬಂ ಘಾಟಿಯಲ್ಲಿ ಕೋಸಿನ ಲಾರಿಯ ಹಿಂದೆ, ಆ ಲಾರಿಯ ವೇಗದಲ್ಲೇ ಇಳಿಯುತ್ತದೆ. ಇದರ ಮೇಲೆ ನನ್ನಷ್ಟೇ ಪ್ರೀತಿ ಇರುವ ಇನ್ನೊಬ್ಬರೆಂದರೆ ನಮ್ಮವ್ವ. ಬಸ್ಸಿನ ಮೆಟ್ಟಿಲು ಹತ್ತಲಾಗದ ಅವಳು ಇದರಲ್ಲಿ ಮಣೆಯ ಮೇಲೆ ಕೂತಂತೆ ಕೂತುಬಿಡುತ್ತಾಳೆ. ಸೋಮವಾರ ಅವಳನ್ನು ಈಶ್ವರನ ಗುಡಿಗೆ ಕರೆದೊಯ್ಯುವುದು ಈ ಕಾರೇ.

ಬಳಸಿದ ಎಣ್ಣೆ ಎಂಜಿನ್ನಿನ ಮೂಲೆಮೂಲೆ ತಿರುಗಿ ಬಂದಿರುವುದರಿಂದ ಒಳಗಿನ ಸುದ್ದಿಯನ್ನೆಲ್ಲ ಹೊತ್ತು ತರುತ್ತದೆ. ಕಬ್ಬಿಣದ ಅಂಶ ಹೆಚ್ಚಿದ್ದರೆ ಒಳಗೆ ಏನೋ ಸವೆಯುತ್ತಿದೆ ಎಂದರ್ಥ. ಸಿಲಿಕಾನ್ ಹೆಚ್ಚಿದ್ದರೆ ಧೂಳು ನುಗ್ಗಿದೆ. ಪೊಟ್ಯಾಸಿಯಂ ಹೆಚ್ಚಿದ್ದರೆ ಎಂಜಿನ್ನನ್ನು ತಣ್ಣಗಿಡುವ ರೇಡಿಯೇಟರಿನ ದ್ರವ, ಕೂಲೆಂಟ್, ಎಣ್ಣೆಗೆ ಸೇರುತ್ತಿರಬಹುದು. ಇದನ್ನೆಲ್ಲ ಓದಿಕೊಂಡು ನಾನೊಂದು ದಿನ ಬಿಸಿ ಎಣ್ಣೆಯನ್ನು ಶುಭ್ರವಾದ ಸೀಸೆಗೆ ಹಿಡಿದೆ. ಕೊಯಮತ್ತೂರಿನ ಲ್ಯಾಬಿಗೆ ಹೋಗುವ ಆ ಸೀಸೆ ಯಾರ ಕೈಗೂ ಸಿಗದಿರಲೆಂದು ದೇವರ ಗೂಡಿನ ಪಕ್ಕ ಇಟ್ಟೆ. ಏನದು ಎಂದು ಅವ್ವ ಕೇಳಿದಳು. ನಾಳೆ ಪರೀಕ್ಷೆಗೆ ಹೋಗುತ್ತದೆ ಎಂದೆ.

ವರದಿ ಬಂತು. ಸಿಲಿಕಾನ್ ವಿಪರೀತ, ಪೊಟ್ಯಾಸಿಯಂ ಅದಕ್ಕೂ ವಿಪರೀತ. ನನ್ನದು ಗೊಬ್ಬರದ ಅಂಗಡಿ. ಸುತ್ತಲಿನ ರೈತರು ಮಣ್ಣು ಪರೀಕ್ಷೆಯ ಚೀಟಿ ತಂದು ನನ್ನ ಮುಂದೆ ಹಿಡಿಯುತ್ತಾರೆ, ನಾನು ಕನ್ನಡಕ ಏರಿಸಿ ಭವಿಷ್ಯ ಹೇಳುತ್ತೇನೆ. ಹೊಲದಲ್ಲಿ ಇಷ್ಟು ಪೊಟ್ಯಾಷ್ ಇದ್ದಿದ್ದರೆ ಕೈಕುಲುಕಿ ಕಳಿಸುತ್ತಿದ್ದೆ. ಕಾರಿನಲ್ಲಿ ಬೆಳೆ ತೆಗೆಯುವಂತಿಲ್ಲವಲ್ಲ. ತಾಳಮಲೆಯ ರಸ್ತೆಯ ಧೂಳೆಲ್ಲ ಎಂಜಿನ್ನಿನಲ್ಲೇ ಇದೆ, ಕೂಲೆಂಟೂ ಸೋರುತ್ತಿದೆ ಎಂದು ತೀರ್ಮಾನಿಸಿದೆ. ಸತ್ಯಮಂಗಲದ ಮೆಕ್ಯಾನಿಕ್ಕಿಗೆ ಫೋನಿನಲ್ಲಿ ನನ್ನ ತೀರ್ಮಾನವನ್ನೇ ವರದಿಯೆಂಬಂತೆ ಓದಿದೆ. ಹಾಗಿದ್ದರೆ ಎಂಜಿನ್ ಬಿಚ್ಚಬೇಕು, ಬಿಚ್ಚಿದರೆ ಬಿಡಿಭಾಗ ಸಿಗುವುದಿಲ್ಲ, ಓಡುವಾಗಲೇ ಮಾರಿಬಿಡಿ ಅಣ್ಣಾ ಎಂದು ಅವನು ತಮಿಳಿನಲ್ಲಿ ಸಂತಾಪ ಹೇಳಿದ.

ಅದೇ ಹಾಳೆಯಲ್ಲಿ ಕಬ್ಬಿಣದ ಅಂಶ ಸರಿಯಾಗಿಯೇ ಇತ್ತು. ಅಷ್ಟು ಧೂಳು ಕುಡಿದ ಎಂಜಿನ್ ಸವೆಯದೆ ಇರುತ್ತದೆಯೇ? ರೇಡಿಯೇಟರಿನಲ್ಲಿ ಕೂಲೆಂಟ್ ಒಂದಿಷ್ಟೂ ಇಳಿದಿರಲಿಲ್ಲ. ಒಂದು ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಓದಬೇಕು ಎಂದು ರೈತರಿಗೆ ದಿನಾ ಹೇಳುವವನು ನಾನೇ. ಆದರೆ ದುಃಖಪಡಲು ಸಿದ್ಧನಾಗಿ ಕೂತವನಿಗೆ ಸಮಾಧಾನದ ಅಂಕಿ ಕಣ್ಣಿಗೆ ಬೀಳುವುದಿಲ್ಲ. ಕೊಳ್ಳುವವರೊಬ್ಬರಿಗೆ ಭಾನುವಾರ ಬಂದು ನೋಡಲು ಹೇಳಿಬಿಟ್ಟೆ.

ಶನಿವಾರ ಕಾರು ತೊಳೆಯುತ್ತಿದ್ದಾಗ ಅವ್ವ ಜಗಲಿಗೆ ಬಂದು ಕೂತಳು. ನಾಳೆಯಿಂದ ಇದು ಇರುವುದಿಲ್ಲ ಎಂದು ಹೇಳುವ ಮೊದಲು ಒಂದೇ ಚಕ್ರವನ್ನು ಎರಡು ಸಲ ತೊಳೆದೆ. ಎಣ್ಣೆ ಪರೀಕ್ಷೆಯಲ್ಲಿ ಫೇಲಾಯಿತು, ಅದಕ್ಕೇ ಮಾರುತ್ತಿದ್ದೇನೆ ಎಂದೆ. ಅವಳ ಮುಖ ಸಣ್ಣದಾಯಿತು.

"ಅಲ್ಲ ಕಣ್ಲಾ, ನಾ ಒಂಚೂರು ಇಬೂತಿ ಆಕಿ ಕಳ್ಸಿದ್ನಲ್ಲಾ, ಅಂಗಿದ್ರೂವೆ ಪೇಲಾಗೋಯ್ತಾ?"

ನನ್ನ ಕೈಯಲ್ಲಿದ್ದ ಪೈಪು ನನ್ನ ಕಾಲನ್ನೇ ತೊಳೆಯುತ್ತಿತ್ತು. ಎಲ್ಲಿಗೆ ಹಾಕಿದೆ ಎಂದು ಕೇಳಿದೆ.

"ಸೀಸೆಗೆ. ನೀ ಪರೀಕ್ಸೆಗೆ ಓಗೋವಾಗೆಲ್ಲಾ ಅಣೆಗೆ ಇಕ್ತಿರ್ನಿಲ್ವಾ? ಎಣ್ಣೆಗೆ ಅಣೆ ಎಲ್ಲದೆ? ಅದ್ಕೇ ಒಳೀಕೇ ಆಕ್ಬುಟ್ಟೆ."

ಸಗಣಿಯನ್ನು ಸುಟ್ಟ ಬೂದಿಯೇ ವಿಭೂತಿ. ಹುಲ್ಲು ಮೇಯುವ ಹಸುವಿನ ಸಗಣಿಯ ಬೂದಿಯಲ್ಲಿ ಸಿಲಿಕಾನ್ ಇರುತ್ತದೆ, ಪೊಟ್ಯಾಸಿಯಂ ಇರುತ್ತದೆ. ಕೋಸಿನ ಮಡಿಗೆ ಬೂದಿ ಹಾಕಿ ಎಂದು ಅರ್ಧ ಊರಿಗೆ ಹೇಳಿದವನಿಗೆ ಇದು ಹೊಳೆಯಲಿಲ್ಲ. ವರದಿ ಒಂದಕ್ಷರ ಸುಳ್ಳು ಹೇಳಿರಲಿಲ್ಲ. ಸೀಸೆಯಲ್ಲಿ ಇದ್ದದ್ದನ್ನು ಅದು ಹೇಳಿತ್ತು, ಎಂಜಿನ್ನಿನಲ್ಲಿ ಇದ್ದದ್ದನ್ನು ಹೇಳಿದೆಯೆಂದು ನಾನು ಕೇಳಿಸಿಕೊಂಡಿದ್ದೆ. ನೀರಿನ ಪೈಪು ಬಿಸಾಕಿ, ಬರಬೇಡಿ ಎಂದು ಆ ಪುಣ್ಯಾತ್ಮರಿಗೆ ಫೋನು ಮಾಡಿದೆ. ನನಗೆ ಅಳುವಷ್ಟು ಸಂತೋಷವಾಗಿತ್ತು.

ಎರಡನೆಯ ಸಲ ಎಣ್ಣೆ ಹಿಡಿದಾಗ ಮುಚ್ಚಳ ಬಿಗಿಯಾಗಿ ತಿರುಗಿಸಿ ಟೇಪು ಸುತ್ತಿ, ಅದಾದ ಮೇಲೆ ಸೀಸೆಯನ್ನು ಅವ್ವನ ಕೈಗೆ ಕೊಟ್ಟೆ. ಮುಚ್ಚಳವೇ ಇದರ ಹಣೆ ಎಂದುಕೋ ಎಂದೆ. ಅವಳು ಮೂರು ಬೆರಳಿನಿಂದ ಸಾವಧಾನವಾಗಿ ವಿಭೂತಿ ಎಳೆದಳು.

ಈ ಸಲ ವರದಿಯಲ್ಲಿ ಎಲ್ಲವೂ ಮಿತಿಯೊಳಗೇ ಇತ್ತು. ಕಬ್ಬಿಣ ವಯಸ್ಸಿಗೆ ಸಹಜ ಎಂದಿತ್ತು. ಕೊನೆಯಲ್ಲಿ ಲ್ಯಾಬಿನವರು ಒಂದು ಸಾಲು ಸೇರಿಸಿದ್ದರು: ಮುಚ್ಚಳದ ಮೇಲೆ ಬಿಳಿ ಪುಡಿ ಅಂಟಿತ್ತು, ಒರೆಸಿ ತೆಗೆದ ನಂತರ ಪರೀಕ್ಷಿಸಲಾಗಿದೆ. ಸೋಮವಾರ ಗುಡಿಯ ದಾರಿಯಲ್ಲಿ, ಸ್ವಲ್ಪ ಗೆದ್ದ ದನಿಯಲ್ಲೇ, ಅದನ್ನು ಅವ್ವನಿಗೆ ಹೇಳಿದೆ.

"ಒರ್ಸೋಕೆ ಮುಂಚೇನೇ ಒಸಿ ಒಳೀಕೆ ಇಳ್ದಿರ್ತದೆ ಕಣ್ಲಾ," ಎಂದಳು ಅವ್ವ. "ಇಲ್ದಿದ್ರೆ ಪಾಸಾಯ್ತಿತ್ತಾ?"

ಪೊಟ್ಯಾಸಿಯಂ ಬಗ್ಗೆ ಒಮ್ಮೆ ಅಷ್ಟು ಖಚಿತವಾಗಿ ಮಾತಾಡಿದ್ದವನು ನಾನು. ಗೇರು ಬದಲಿಸಿದೆ.