ನನ್ನ ಬೇಜಾರಿಗೆ ಮುತ್ತತ್ತಿ

ನಮ್ಮ ಕಡೆ ಬೇಜಾರು ಅನ್ನುವ ಒಂದೇ ಮಾತಿನಲ್ಲಿ ಎಲ್ಲ ಮುಗಿಯುತ್ತದೆ. ಕರೆಂಟು ಹೋಗಿ ಟಿವಿ ನಿಂತರೂ ಬೇಜಾರು, ಸಾವಿನ ಮನೆಯಲ್ಲೂ ಬೇಜಾರು. ಹಾಗಾಗಿ ಕಳೆದ ವರ್ಷ ಕೊತ್ತತ್ತಿಯ ನಮ್ಮ ಮನೆಯಲ್ಲಿ ನಾನು ತುಂಬಾ ಬೇಜಾರು ಅಂದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನನಗಾದರೂ ಅದು ಕಾಯಿಲೆ ಅಂತ ಎಲ್ಲಿ ಗೊತ್ತಿತ್ತು? ಬೆಳಗ್ಗೆ ಎದೆಯ ಮೇಲೆ ರುಬ್ಬುಗುಂಡು ಇಟ್ಟ ಹಾಗೆ. ಉಪ್ಸಾರು ರುಚಿಸದು. ತಲೆ ಬಾಚಿಕೊಳ್ಳಲೂ ಕೈ ಏಳದು. ಒಲೆಯ ಮುಂದೆ ಸುಮ್ಮಸುಮ್ಮನೆ ಅಳು. ಮೊಬೈಲಿನಲ್ಲಿ ಒಬ್ಬ ಡಾಕ್ಟರಮ್ಮ ಇದನ್ನೆಲ್ಲ ಹೇಳುತ್ತಿದ್ದರೆ, ಇವರು ಯಾವಾಗ ನಮ್ಮ ಅಡುಗೆಮನೆಗೆ ಬಂದು ಹೋದರಪ್ಪಾ ಅನ್ನಿಸಿತು. ಖಿನ್ನತೆ ಎಂದರು. ಪರೀಕ್ಷೆಗೆ ಬಾಯಿಪಾಠ ಮಾಡುವಂಥ ಪದ. ಅತ್ತೆಯ ಮುಂದೆ ಹೇಳಿದರೆ ನಗುತ್ತಾರೆ.

ದಿನಾ ನಡೆಯಿರಿ, ನಿಮ್ಮವರ ಹತ್ತಿರ ಬಾಯಿಬಿಟ್ಟು ಹೇಳಿ ಎಂದಿದ್ದರು. ನಮ್ಮೂರಲ್ಲಿ ಸುಮ್ಮನೆ ನಡೆಯುವ ಹೆಂಗಸನ್ನು ಯಾರು ಬಿಡುತ್ತಾರೆ? "ಎಲ್ಲಿಗೋಯ್ತಿದ್ದೀಯವ್ವ?" ಎಂದು ನಾಲೆ ಏರಿಯುದ್ದಕ್ಕೂ ವಿಚಾರಣೆ. ಕೊನೆಗೆ ಕಂಕುಳಲ್ಲಿ ಖಾಲಿ ಮಂಕರಿ ಇಟ್ಟುಕೊಂಡು ಹೊರಟೆ. ಸೊಪ್ಪಿಗೆ ಹೋಗುತ್ತಾಳೆ ಅಂದುಕೊಂಡು ಸುಮ್ಮನಾದರು. ನಡೆದಷ್ಟು ಹೊತ್ತು ಉಸಿರು ಸಲೀಸಾಗುತ್ತಿತ್ತು, ಮನೆಗೆ ಬಂದರೆ ಮತ್ತೆ ಅದೇ.

ಬಾಯಿಬಿಡುವುದೇ ಕಷ್ಟವಾಯಿತು. ಗಂಡನ ಮುಂದೆ ಕೂತರೆ ನಾಲಿಗೆಗೆ ಬಂದದ್ದು ಅದೇ ಹಾಳು ಪದ.

"ಬೇಜಾರು ಕಣ್ರೀ."

"ಮೊದ್ಲೇ ಯೋಳ್ಬಾರ್ದಾ? ಬಾನ್ವಾರ ಮುತ್ತತ್ತಿಗೋಗವ ನಡಿ" ಎಂದರು, ಪಾಪ.

ಅತ್ತೆ, ನಾದಿನಿ, ಕೋಳಿ ಸಾರಿನ ಪಾತ್ರೆ ಎಲ್ಲ ತುಂಬಿಕೊಂಡು ಟೆಂಪೋ ಹೊರಟಿತು. ಮಳವಳ್ಳಿ ದಾಟುವಷ್ಟರಲ್ಲಿ ಎಲ್ಲರೂ ಹಾಡುತ್ತಿದ್ದರು. ನಾನೂ ಬಾಯಾಡಿಸಿದೆ. ಇಷ್ಟು ಪ್ರೀತಿಯವರ ಮಧ್ಯೆ ಕೂತೂ ಹೀಗಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಂಜನೇಯನಿಗೆ ಕೈಮುಗಿದು ಗಂಡನ ಜೊತೆ ಹೊಳೆಗಿಳಿದೆ. ನೀರು ಮೊಣಕಾಲಿನವರೆಗಿತ್ತು. ಆಳದ ಕಡೆಗೆ ಹೋದ ಕಣ್ಣು ಹಿಂದಕ್ಕೆ ಬರಲಿಲ್ಲ. ಅವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ನಾಲೇಲಿ ಈಜಿ ಬೆಳ್ದೋಳು, ಇಷ್ಟು ನೀರಿಗೆ ಎದ್ರುಕೊತೀಯಲ್ಲೇ!" ಎಂದು ನಕ್ಕರು.

"ನೀರಿಗಲ್ಲ ಕಣ್ರೀ. ನಂಗೆ ನಂದೇ ಎದ್ರಿಕೆ."

ಅವರ ನಗು ನಿಂತಿತು. ದಡದಿಂದ ಅತ್ತೆ ಊಟಕ್ಕೆ ಕೂಗುತ್ತಿದ್ದರು. "ನಾಳೆ ಮಂಡ್ಯಕ್ಕೋಗವ, ಡಾಕ್ಟ್ರತ್ರ" ಎಂದಷ್ಟೇ ಹೇಳಿ ನನ್ನ ಬಲಗೈ ಹಿಡಿದು ಮೇಲಕ್ಕೆ ಕರೆತಂದರು. ಊಟಕ್ಕೆ ಕೂತಾಗಲೂ ಆ ಬಲಗೈ ಬಿಡಲಿಲ್ಲ. ನಾನು ಹೇಗೆ ಉಣ್ಣಬೇಕು ಅನ್ನುವುದು ಅವರಿಗೆ ಹೊಳೆಯಲೂ ಇಲ್ಲ.