ಬಲಗೈಯ ಎರಡು ಬೆರಳು

ನನ್ನ ಮಗಳಿಗೆ ನಾಲ್ಕು ತುಂಬಿದರೂ ಬೆರಳು ಚೀಪುವುದು ಬಿಟ್ಟಿರಲಿಲ್ಲ. ಬಲಗೈಯ ತೋರುಬೆರಳು, ನಡುಬೆರಳು ಎರಡೂ ಒಟ್ಟಿಗೇ ಬಾಯಿಗೆ ಹೋಗುತ್ತಿದ್ದವು. ಗಂಟಿನ ಮೇಲಿನ ತೊಗಲು ನೆನೆಹಾಕಿದ ಬೇಳೆಯ ಹಾಗೆ ಬೆಳ್ಳಗೆ ಉಬ್ಬಿರುತ್ತಿತ್ತು. ಕಲಬುರ್ಗಿಯ ಗಾಜಿಪುರದಲ್ಲಿ ನಮ್ಮ ಮನೆ. ಮಾವನವರು ತೊಗರಿ ವ್ಯಾಪಾರಿ. ಪೇಟೆಯಿಂದ ಬಂದವರೇ ಮೊಮ್ಮಗಳ ಬಾಯಿ ನೋಡಿ, ಊಟ ಆಯ್ತೇನವ್ವ ಎಂದು ನಗುತ್ತಿದ್ದರು. ನಗದವರು ಅತ್ತೆ ಒಬ್ಬರೇ.

ಅತ್ತೆ ಕೆಟ್ಟವರಲ್ಲ. ನನ್ನ ಬಾಣಂತನವನ್ನು ಹೆತ್ತ ತಾಯಿಗಿಂತ ಹೆಚ್ಚಾಗಿ ಮಾಡಿದವರು. ಆದರೆ ಮಕ್ಕಳ ಹೊಟ್ಟೆನೋವಿಗೂ ಹಟಕ್ಕೂ ಅವರಲ್ಲಿದ್ದ ಮದ್ದು ಒಂದೇ. ತೊಗರಿ ಚೀಲ ಹೊಲಿಯುವ ದಬ್ಬಣವನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಚರ್ಮಕ್ಕೆ ಮುಟ್ಟಿಸುವುದು. ಪುಸ್ತಕದ ಮಾತಿನಲ್ಲಿ ಅದು ಬರೆ, ನಮ್ಮ ಕಡೆ ಬಾಯಲ್ಲಿ ಬರಿ. ನನ್ನ ಗಂಡನ ಹೊಟ್ಟೆಯ ಮೇಲೂ ಒಂದಿತ್ತು. ಅವರು ಅದನ್ನು ತಾಯಿ ಮಾಡಿಸಿಕೊಟ್ಟ ಒಡವೆಯಂತೆ ತೋರಿಸುತ್ತಿದ್ದರು. ಅಂಥವರ ಮುಂದೆ ನನ್ನ ಅಂಜಿಕೆ ಹೇಳಿಕೊಳ್ಳುವುದು ಗೋಡೆಗೆ ಹೇಳಿದಂತೆ.

ಶ್ರಾವಣ ಹತ್ತಿರ ಬಂದಾಗ ಒಂದು ದಿನ ಊಟಕ್ಕೆ ಬಡಿಸುತ್ತಾ ಅತ್ತೆ ಹೇಳಿದರು. "ಪಂಚಮಿ ಮುಗೀಲಿ. ಈ ಕೈಗೊಂದು ಬರಿ ಹಾಕ್ತೀನಿ. ಬಿಲ್ಕುಲ್ ಬಿಡ್ತದ."

ನಾಗಪ್ಪನ ಹಬ್ಬದ ದಿನ ನಾವು ಒಲೆಗೆ ಹೆಂಚು ಸಹ ಏರಿಸುವುದಿಲ್ಲ. ಹಬ್ಬದ ಮುಂದೆ ಕೂಸನ್ನು ಸುಡಬಾರದೆಂದು ಅತ್ತೆ ತಡೆದಿದ್ದರೇ ಹೊರತು ಮನಸ್ಸು ಕರಗಿ ಅಲ್ಲ. ನಾನು ಮಗಳ ಕೈಯನ್ನು ನನ್ನ ಸೆರಗಿನೊಳಗೆ ಎಳೆದುಕೊಂಡೆ. ಯಾಕೆಂದರೆ ಬೆರಳಿಗೆ ಹಾಕಿದ ಬರೆ ಏನು ಮಾಡುತ್ತದೆಂದು ನಾನು ಹುಟ್ಟಿದಾಗಿನಿಂದ ಕಂಡಿದ್ದೆ. ಕಮಲಾಪುರದ ನನ್ನ ತವರಿನಲ್ಲಿ ತಾಯಿಯ ಅಕ್ಕ, ನನ್ನ ದೊಡ್ಡವ್ವ, ಗಂಡ ತೀರಿಹೋದ ಮೇಲೆ ಬಂದು ಉಳಿದಿದ್ದರು. ಅವರಿಗೂ ಎಳವೆಯಲ್ಲಿ ಇದೇ ಚಟವಿತ್ತು, ಇದೇ ಮದ್ದಾಗಿತ್ತು. ಗಾಯ ಕೀವಾಗಿ, ಮಾಯುವಾಗ ತೋರುಬೆರಳು ಕೊಕ್ಕೆಯಾಗಿ ಮಡಚಿ ನಿಂತುಬಿಟ್ಟಿತ್ತು. ರೊಟ್ಟಿ ಬಡಿಯಲು ಬಾರದ ಸೊಸೆ ಎಂದು ಅವರು ಗಂಡನ ಮನೆಯಲ್ಲಿ ಅನ್ನಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಅಂದಿನಿಂದ ಮನೆಯಲ್ಲಿ ದಬ್ಬಣ ಎಲ್ಲಿದೆ ಎಂದು ನನ್ನ ಕಣ್ಣು ಹುಡುಕುತ್ತಲೇ ಇರುತ್ತಿತ್ತು. ಮಗಳಿಗೂ ಅರ್ಥವಾಗಿತ್ತು. ಬರಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಬೆರಳು ಬಾಯಿಗೆ. ಅತ್ತೆ ಹೆದರಿಸಿದಷ್ಟೂ ಅವಳು ಚೀಪಿದಳು, ಚೀಪಿದಷ್ಟೂ ಅತ್ತೆ ಹೆದರಿಸಿದರು. ನಾನು ನಡುವೆ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಪಂಚಮಿಗೆ ತವರಿನ ಬಂಡಿ ಬಂತು. ಬರುವಾಗ ಕಮಲಾಪುರದ ಕೆಂಬಾಳೆ ಹಣ್ಣು ತರಲು ಹೇಳಿದ ಅತ್ತೆ, ಬಂದ ಮರುದಿನವೇ ಬರಿಯ ಕೆಲಸ ಮುಗಿಸೋಣ ಎಂದು ಅದೇ ಉಸಿರಿನಲ್ಲಿ ಸೇರಿಸಿದರು.

ಕಮಲಾಪುರದಲ್ಲಿ ನನ್ನ ತಾಯಿ ಬೇವಿನ ರಸ ಹಚ್ಚಿ ನೋಡಿದಳು. ಮಗಳು ಕಣ್ಣೀರು ಸುರಿಸುತ್ತಾ ಕಹಿಯನ್ನೂ ಚೀಪಿ ನುಂಗಿದಳು. ಅದನ್ನು ನೋಡಲಾರದೆ ನಾನೇ ಒರೆಸಿದೆ. ಹಬ್ಬದ ಜೋಕಾಲಿಗೆ ಕೂರಿಸಿದರೆ ಎರಡೂ ಕೈ ಹಗ್ಗ ಹಿಡಿದಿರುತ್ತಿದ್ದವು, ಜೋಕಾಲಿ ನಿಂತ ಕೂಡಲೇ ಒಂದು ಬಾಯಿಗೆ ಬರುತ್ತಿತ್ತು. ದಿನವಿಡೀ ಯಾರು ತೂಗುತ್ತಾರೆ?

ಆಗ ನಮ್ಮೂರು ನಿಜಾಮರ ಸರಕಾರದ್ದು, ಕಚೇರಿಯಿಂದ ಶಾಲೆಯವರೆಗೆ ಎಲ್ಲವೂ ಉರ್ದು. ದೊಡ್ಡವ್ವನಿಗೆ ಅವರಪ್ಪ ಮನೆಯಲ್ಲೇ ಮೊರದಲ್ಲಿ ಉಸುಕು ಹರಡಿ ಕನ್ನಡ ಅಕ್ಷರ ಕಲಿಸಿದ್ದರು. ಕೂಸಿನ ಕೈಗೊಂದು ಕೆಲಸ ಸಿಗಲೆಂದು ದೊಡ್ಡವ್ವ ಅಂಗಳದಲ್ಲಿ ಹಾಗೆಯೇ ಮೊರ ಇಟ್ಟುಕೊಂಡು ಅವಳನ್ನು ಕರೆದರು.

"ಬಾರವ್ವ. ಈ ಬೆರಳಿಂದ ಇಲ್ಲಿ ಬರಿ."

ಮಗಳು ಚೀರಿದಳು. ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ನನ್ನ ಬೆನ್ನ ಹಿಂದೆ ಓಡಿ ಬಂದು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ನಮಗೆ ತಿಳಿಯಲಿಲ್ಲ. ಹಾವು ಗೀವು ಬಂತೇನೋ ಎಂದು ನನ್ನ ತಾಯಿ ಮೊರವನ್ನೇ ಎತ್ತಿ ನೋಡಿದಳು. ಆಮೇಲೆ ಹೊಳೆಯಿತು. ಅಕ್ಷರ ಬರೆ ಎಂದರೂ ನಮ್ಮ ಬಾಯಲ್ಲಿ ಬರಿ, ಬೆಂಕಿಯ ಬರೆಗೂ ಬರಿ. ಅವಳಿಗೆ ಗೊತ್ತಿದ್ದದ್ದು ಎರಡನೆಯದೊಂದೇ.

ದೊಡ್ಡವ್ವ ನಗಲಿಲ್ಲ. ಕೂಸನ್ನು ಕರೆಯಲೂ ಇಲ್ಲ. ತಮ್ಮ ಕೊಕ್ಕೆ ಬೆರಳಿನ ಗಂಟಿನಿಂದ ಉಸುಕಿನಲ್ಲಿ ಒಂದು ಸೊನ್ನೆ ಎಳೆದು, ಯಾರಿಗೋ ಹೇಳುವಂತೆ, ಇದಕ್ಕೂ ಬರಿ ಅಂತಾರ, ಇದು ಸುಡಂಗಿಲ್ಲ ಎಂದರು. ಎಳೆದರು, ಅಳಿಸಿದರು, ಮತ್ತೆ ಎಳೆದರು. ನಮಗೆ ಮಾತ್ರ ಕಟ್ಟುನಿಟ್ಟಾಗಿ ಹೇಳಿದರು. "ಕೂಸಿನ ಬಾಯಿ ಕಡೆ ಯಾರೂ ನೋಡಬ್ಯಾಡ್ರಿ. ಕೈ ಕಡೆ ನೋಡ್ರಿ."

ಎರಡು ದಿನ ಮಗಳು ದೂರದಿಂದಲೇ ನೋಡಿದಳು. ಆಮೇಲೆ ಹತ್ತಿರ ಬಂದು ಕೂತಳು. ಒಂದು ಮಧ್ಯಾಹ್ನ ಬಾಯಲ್ಲಿದ್ದ ಬೆರಳು ತಾನಾಗಿ ಹೊರಬಂದು ಉಸುಕು ಮುಟ್ಟಿತು. ಉಸುಕು ಮೆತ್ತಿದ ಬೆರಳನ್ನು ಮರೆತು ಬಾಯಿಗಿಟ್ಟು ಥೂ ಎಂದಳು, ತನ್ನ ಥೂಗೆ ತಾನೇ ನಕ್ಕಳು. ಯಾರೂ ಬೈಯಲಿಲ್ಲ, ಯಾರೂ ಹೊಗಳಲೂ ಇಲ್ಲ. ಹಬ್ಬ ಮುಗಿಯುವ ಹೊತ್ತಿಗೆ ಬೆಳಗ್ಗೆ ಎದ್ದವಳೇ ಬರಿ ಬೇಕು, ಬರಿ ಬೇಕು ಎಂದು ಮೊರ ಎಳೆದು ತರುತ್ತಿದ್ದಳು. ಎಚ್ಚರವಿದ್ದಾಗ ಬೆರಳು ಒಣಗಿರುತ್ತಿದ್ದವು. ನಿದ್ದೆಯಲ್ಲಿ ಮಾತ್ರ ಒಮ್ಮೊಮ್ಮೆ ಹಳೆಯ ದಾರಿ ಹಿಡಿಯುತ್ತಿದ್ದವು. ನನಗೆ ಎಷ್ಟು ಸಂತೋಷವೆಂದರೆ, ಅತ್ತೆಗೆಂದು ಒಂದಕ್ಕೆ ಎರಡು ಗೊನೆ ಕೆಂಬಾಳೆ ಬಂಡಿಗೆ ಹಾಕಿಸಿದೆ.

ನಿದ್ದೆಯೇ ನಮಗೆ ಮುಳುವಾಯಿತು. ಬಂಡಿ ಗಾಜಿಪುರ ಮುಟ್ಟಿದಾಗ ಮಗಳು ಮಲಗಿಬಿಟ್ಟಿದ್ದಳು. ಅತ್ತೆ ಅಕ್ಕರೆಯಿಂದ ಎತ್ತಿಕೊಂಡರೆ ಎರಡೂ ಬೆರಳು ಬಾಯೊಳಗೆ. ಹಗಲಲ್ಲಿ ಬಿಟ್ಟಿದ್ದಾಳೆ ಎಂದು ನಾನು ಎಷ್ಟು ಹೇಳಿದರೂ, ಕಣ್ಣಿಗೆ ಕಂಡದ್ದು ಸುಳ್ಳೇನು ಎಂದು ಒಂದೇ ಮಾತು.

ಮರುದಿನ ನಾನು ಬಾವಿಗೆ ಹೋಗಿ ಕೊಡ ಹೊತ್ತು ಬರುವಾಗ ಅಡುಗೆಮನೆಯಿಂದ ಅತ್ತೆಯ ದನಿ ಕೇಳಿತು.

"ಬಾರವ್ವ, ಬರಿ ಹಾಕೋಣು. ಕೈ ತಾ."

ಕೊಡ ಎಲ್ಲಿ ಇಳಿಸಿದೆನೋ ನೆನಪಿಲ್ಲ. ಬಾಗಿಲಿಗೆ ಬಂದು ನೋಡಿದೆ. ಅತ್ತೆಯ ಇಕ್ಕಳದಲ್ಲಿ ದಬ್ಬಣ ಕೆಂಪಗಿತ್ತು. ಮಗಳು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮುಖವೆಲ್ಲ ನಗುವಾಗಿ, ಎರಡೂ ಬೆರಳನ್ನು ನೆಟ್ಟಗೆ ಮುಂದೆ ಚಾಚಿದ್ದಳು. ಹೊಸ್ತಿಲಲ್ಲೇ ಬಾಗಿಲು ಹಿಡಿದು ನಿಂತೆ. ಚೀರು ತಾಯಿ, ಕೈ ಬಚ್ಚಿಟ್ಟುಕೋ, ಓಡು ಎಂದು ಒಳಗೇ ಬೇಡಿಕೊಂಡೆ. ಅವಳ ಅಂಜಿಕೆಯನ್ನೆಲ್ಲ ಕಮಲಾಪುರದಲ್ಲಿ ತೊಳೆದುಹಾಕಿ ಬಂದಿದ್ದೆವು.

"ಎಲ್ಲಿ ಬರೀಲಿ ಆಯಿ?" ಎಂದು ಅಜ್ಜಿಯನ್ನು ಕೇಳಿದಳು. ಆಮೇಲೆ ಒಲೆಯ ಬಾಯಿಂದ ಬೂದಿ ಎಳೆದುಕೊಂಡು ತಾನೇ ಒಂದು ಸೊನ್ನೆ ತಿದ್ದಿದಳು.

ಅತ್ತೆ ಆ ಬೆರಳನ್ನೇ ನೋಡುತ್ತಾ ಕೂತರು. ದಬ್ಬಣದ ಕೆಂಪು ಆರಿ ಕಪ್ಪಾಯಿತು. ಮತ್ತೆ ಕೆಂಡಕ್ಕೆ ಇಡಲಿಲ್ಲ. ನನ್ನ ಕಡೆ ತಿರುಗದೆ ಹೇಳಿದರು. "ಅಂಜಿ ಓಡಿದ್ರ ಹಿಡಕೊಂಡು ಹಾಕ್ತಿದ್ದೆ. ತಾನಾಗೇ ಕೈ ಕೊಟ್ಟ ಕೂಸಿಗೆ ಹ್ಯಾಂಗ ಹಾಕ್ಲಿ?"

ಅಷ್ಟಾದರೂ ನನ್ನ ಅಂಜಿಕೆ ಹೋಗಲಿಲ್ಲ. ಬೆಂಕಿಗೂ ನಗುತ್ತಾ ಕೈ ಚಾಚುವ ಕೂಸನ್ನು ಯಾವ ಧೈರ್ಯದ ಮೇಲೆ ಮನೆಯಲ್ಲಿ ಬಿಡಲಿ? ಸಂಜೆ ಒಲೆ ಹೊತ್ತಿಸಿದಾಗ ನಾನೇ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಅಂಗೈಯನ್ನು ಝಳ ತಾಗುವಷ್ಟು ಹತ್ತಿರ ಹಿಡಿದು, ಇದು ಸುಡ್ತದ, ಇದಕ್ಕ ಅಂಜು ಎಂದು ಕಲಿಸಿದೆ. ಅವಳು ಅಳುತ್ತಾ ಕೈ ಕಿತ್ತುಕೊಂಡಳು. ಎರಡೂ ಬೆರಳು ಬಾಯಿಗೆ ಹೋದವು. ಅತ್ತೆ ನೋಡಿದರು, ಹಿಟ್ಟು ನಾದುತ್ತಲೇ ಇದ್ದರು. ಚೀಪಲಿ ಬಿಡು, ಬೆರಳು ನೆಟ್ಟಗಿವೆಯಲ್ಲ ಎಂದುಕೊಂಡೆ.